ಎರಡೂ ಕಡೆ ಚಿಲಕ

ಕುರ್ಲಾ, ಮುಂಬಯಿ
೧೭ ಜನವರಿ ೨೦೨೫

ವೈನಿ,

ನಿಮ್ಮ ಕಾಲಿಗೆ ಬಿದ್ದಿದ್ದೇನೆ, ನೀವು ಬೆನ್ನಿನ ಮೇಲೊಂದು ಗುದ್ದಿ ಏಳಿಸಿದ್ದೀರಿ ಎಂದುಕೊಂಡು ಮುಂದೆ ಬರೆಯುತ್ತೇನೆ.

ಕುಸುರೆಳ್ಳಿನ ಡಬ್ಬಿ ಮುಟ್ಟಿತು. ಅರ್ಧವನ್ನು ನಮ್ಮ ಮನೆಯಾಕೆ ಶಿವಕುಮಾರಿ ಬಿಲ್ಡಿಂಗಿನವರಿಗೆಲ್ಲ ಹಂಚಿದಳು. ಉಳಿದದ್ದನ್ನು ನಾನು ಕಚೇರಿಗೆ ಜಗಳ ತಂದವರ ಕೈಗೆ ಹಾಕಿ ಕಳಿಸಿದೆ. ಎಳ್ಳು ತಿಂದು ಹೋದವರು ಮರುದಿನ ಅದೇ ಜಗಳದೊಂದಿಗೆ ಬಂದರು, ಆ ಮಾತು ಬೇರೆ.

ಫೋನ್ ಬೇಡ, ಕಾಗದ ಬರೆ ಎಂದು ಹಟ ಹಿಡಿದಿದ್ದೀರಿ. ಫೋನಿನಲ್ಲಿ ನಾನು 'ಹೂಂ ವೈನಿ, ಹೂಂ ವೈನಿ' ಅನ್ನುತ್ತ ಇನ್ನಾರದೋ ಅರ್ಜಿಗೆ ಸಹಿ ಹಾಕುತ್ತಿರುತ್ತೇನೆ ಎಂಬ ನಿಮ್ಮ ದೂರು ಸುಳ್ಳಲ್ಲ. ಅದಕ್ಕೇ ಕುಳಿತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡಿ. ಮರಾಠಿ ಶಾಲೆಗೆ ಹೋಗುತ್ತಿದ್ದ ಮೈದುನನಿಗೆ ಸಂಜೆ ಹೊತ್ತು ಚಾಳಿನ ಗ್ಯಾಲರಿಯಲ್ಲಿ ಕೂಡ್ರಿಸಿ ಕನ್ನಡ ತಿದ್ದಿಸಿದವರು ನೀವೇ.

ಈಗ ದೊಡ್ಡ ಮಾತು. ಆಮದಾರನಾಗಿ ವಿಧಾನಸಭೆಗೆ ಹೋದ ಮೇಲೆ ಸುಮ್ಮನೆ ಹಾರ ಹಾಕಿಸಿಕೊಂಡು ತಿರುಗುವವನು ನಾನಲ್ಲ ಎಂದು ಪ್ರಚಾರದಲ್ಲಿ ಹೇಳಿದ್ದೆ. ನನ್ನ ಹೆಸರಿನಲ್ಲೇ ಮೂರು ಮಸೂದೆ ತರುತ್ತಿದ್ದೇನೆ. ಮೊದಲನೆಯದು, ಓಣಿಯ ಹೆಂಗಸರು ಬೇಡವೆಂದ ಸಾರಾಯಿ ಅಂಗಡಿಗೆ ಮತ್ತೆಂದೂ ಲೈಸನ್ಸ್ ಸಿಗಬಾರದು. ಎರಡನೆಯದು, ಮದುವೆ ನೋಂದಣಿಯ ಕಾಗದದ ಮೇಲೆ ತಂದೆತಾಯಿಯ ಸಹಿ ಬೇಕು. ಮೂರನೆಯದು ನನ್ನ ಜೀವ. ಸಾಲು ಖೋಲಿಗಳ ಹಳೆಯ ಚಾಳು ಕೆಡವಿ ಟವರ್ ಕಟ್ಟುವಾಗ ಲಾಟರಿ ಎತ್ತಿ, ಅವ್ವನನ್ನು ಒಂದು ವಿಂಗಿಗೆ, ಮಗನನ್ನು ಇನ್ನೊಂದು ವಿಂಗಿಗೆ ಎಸೆಯುತ್ತಾರಲ್ಲ, ಅದು ನಿಲ್ಲಬೇಕು. ಒಂದು ಕುಟುಂಬದವರ ಖೋಲಿಗಳನ್ನೆಲ್ಲ ಕೂಡಿಸಿ ಒಂದೇ ದೊಡ್ಡ ಮನೆ ಕೊಡಬೇಕು. ಒಂದೇ ಬಾಗಿಲು, ಒಂದೇ ಒಲೆ, ಮನೆ ಹಿರಿಯರ ಹೆಸರಿನಲ್ಲಿ. ಸಭೆಯಲ್ಲೆಲ್ಲ ನಿಮ್ಮ ಮನೆಯ ಉದಾಹರಣೆಯನ್ನೇ ಕೊಡುತ್ತೇನೆ: 'ವಿಜಾಪುರದ ಅತ್ತಿ, ರತ್ನಾಗಿರಿಯ ಸೊಸಿ, ಒಂದ ಒಲಿ!' ಚಪ್ಪಾಳೆ ನಿಲ್ಲುವುದಿಲ್ಲ.

ಹೊಸ ಟವರಿನಲ್ಲಿ ಮಗ ಸಚಿನ, ಸೊಸೆ ಸ್ನೇಹಲ್, ಮೊಮ್ಮಗಳು ರಾಧಿಕಾ ಎಲ್ಲರೂ ನಿಮ್ಮ ಒಂದೇ ಮಾಡಿನ ಕೆಳಗೆ. ತಯಾರಾಗಿರಿ.

ನಿಮ್ಮ
ಶಿವಪುತ್ರ


ವಿಜಯಪುರ
೩೦ ಜನವರಿ ೨೦೨೫

ಚಿರಂಜೀವಿ ಆಮದಾರ ಶಿವಪುತ್ರನಿಗೆ,

ಆಮದಾರ ಎಂದು ಬರೆಯಲು ಕೈ ಹಿಗ್ಗುತ್ತದೆ. ನಿನ್ನ ಅಣ್ಣ ಇರಬೇಕಿತ್ತು. ಇದ್ದಿದ್ದರೆ ತಾವು ದುಡಿದ ಕಾರಖಾನೆಯ ಗೇಟಿನಲ್ಲಿ ನಿಂತು ಕಂಡಕಂಡವರಿಗೆ ಚಹಾ ಕುಡಿಸುತ್ತಿದ್ದರು.

ಸಾರಾಯಿಯ ಮಸೂದೆ ಓದಿ ಸಂತೋಷವಾಯಿತು. ನಮ್ಮ ಚಾಳಿನ ಮೂಲೆಯ ಅಂಗಡಿ ಮುಚ್ಚಿಸಿದ ವರ್ಷ ನೆನಪಿದೆಯೇ? ಹೆಂಗಸರು ಮತ ಹಾಕುವ ಚೀಟಿಯ ಮೇಲೆ ನಿಂತ ಬಾಟಲಿಯ ಚಿತ್ರ ಒಂದು, ಮಲಗಿದ ಬಾಟಲಿಯ ಚಿತ್ರ ಒಂದು. ಅಂಗಡಿ ಬೇಡವೆಂದರೆ ಮಲಗಿದ್ದಕ್ಕೆ ಒತ್ತಬೇಕು. ನಾನು ಮನೆಮನೆಗೆ ಹೋಗಿ, 'ಮಲಗಿದ ಬಾಟ್ಲಿರೆವ್ವಾ, ನಿಮ್ಮ ಗಂಡಂದಿರು ಮಲಗಿದಂಗ' ಎಂದು ಹೇಳಿಕೊಟ್ಟಿದ್ದೆ. ಒಬ್ಬಳೂ ತಪ್ಪಲಿಲ್ಲ. ಇನ್ನು ಮದುವೆಯ ಸಹಿ. ಅದಕ್ಕೂ ನನ್ನ ಅಡ್ಡಿ ಇಲ್ಲ. ಹೆತ್ತವರನ್ನು ಕೇಳಿ ಮಾಡಿದರೆ ಯಾರ ಗಂಟು ಹೋಗುತ್ತದೆ?

ನನ್ನ ಚಿಂತೆ ಬೇಡ. ಚಾಳು ಕೆಡವಿದಂದಿನಿಂದ ಇಲ್ಲಿ ತಮ್ಮ ಸಂಗಪ್ಪನ ಮನೆಯಲ್ಲಿ ಮಹಾರಾಣಿಯ ಹಾಗೆ ಇದ್ದೇನೆ. ಅವನ ಹೆಂಡತಿ ಹನುಮವ್ವ ಒಂದು ಲೋಟ ನೀರು ಕಾಯಿಸಲೂ ಬಿಡುವುದಿಲ್ಲ. 'ನೀವು ಸುಮ್ನ ಕುಂದರ್ರಿ ಅಕ್ಕಾರ' ಅನ್ನುತ್ತಾಳೆ. ಕುಳಿತೇ ಇದ್ದೇನೆ.

ಹೊಸ ಮನೆಯ ಅಡುಗೆಮನೆಗೆ ಕಿಟಕಿ ಇದೆಯೇ? ನಿನ್ನ ಮೂರನೆಯ ಮಸೂದೆಯನ್ನು ಸ್ನೇಹಲ್‌ಗೆ ಓದಿ ತೋರಿಸಿದ್ದೀಯಾ? ಅವಳು ಏನೆಂದಳು ಬರೆ.

ಬಸಲಿಂಗವ್ವ


ಕುರ್ಲಾ
೨೨ ಫೆಬ್ರುವರಿ ೨೦೨೫

ವೈನಿ,

ಒಂದು ಕೆಟ್ಟ ಸುದ್ದಿ, ಹಿಂದೆಯೇ ಒಂದು ಒಳ್ಳೆಯ ಸುದ್ದಿ. ಕಳೆದ ಭಾನುವಾರ ಶಾಲೆಯ ಮೈದಾನದಲ್ಲಿ ಪೆಂಡಾಲು ಹಾಕಿ ನಮ್ಮ ಟವರಿನ ಲಾಟರಿ ಎತ್ತಿದರು. ನಿಮ್ಮ ಮನೆ ಎ ವಿಂಗ್, ಮೂರನೆಯ ಮಾಳಿಗೆ. ಸಚಿನನದು ಸಿ ವಿಂಗ್, ಹದಿನೇಳನೆಯ ಮಾಳಿಗೆ. ಸಚಿನ ಚೀಟಿ ಹಿಡಿದುಕೊಂಡು ಪೆಂಡಾಲಿನಲ್ಲೇ ಕುಳಿತುಬಿಟ್ಟ. ಅವನ ಮುಖ ನೋಡಲಾಗಲಿಲ್ಲ. ಟವರ್ ಏಳುವ ತನಕ ಮೂರು ವರ್ಷ ಟ್ರಾನ್ಸಿಟ್ ಕ್ಯಾಂಪಿನ ತಗಡಿನ ಕೆಳಗೆ ಕಳೆದದ್ದು ಇದಕ್ಕೇ ಏನು ಎಂದ.

ಒಳ್ಳೆಯ ಸುದ್ದಿ ಎಂದರೆ, ಕೀಲಿಕೈ ಕೊಡುವ ತನಕ ಲಾಟರಿ ಬದಲಿಸಲು ಬರುತ್ತದೆ. ಅಷ್ಟರೊಳಗೆ ನನ್ನ ಮಸೂದೆ ಗೆಲ್ಲಬೇಕು.

ನಿಮ್ಮ ಕಾಗದದ ಗುಟ್ಟು ನನಗೆ ತಿಳಿಯಿತು. ಸ್ನೇಹಲ್ ಏನೆನ್ನುತ್ತಾಳೋ ಎಂದು ಹೆದರಿದ್ದೀರಿ. ಈಗಿನ ಕಾಲದ ಸೊಸೆ, ಫೋರ್ಟಿನ ಬ್ಯಾಂಕಿನಲ್ಲಿ ನೌಕರಿ, ಅತ್ತೆಯ ಕೈಕೆಳಗೆ ಇರುತ್ತಾಳೋ ಇಲ್ಲವೋ ಎಂದು. ಹೆದರಬೇಡಿ. ಕರಡಿನಲ್ಲಿ ಒಂದು ಸಾಲು ಗಟ್ಟಿಯಾಗಿ ಸೇರಿಸಿದ್ದೇನೆ: ಮನೆಯ ಒಲೆ ಹಿರಿಯ ಹೆಂಗಸಿನ ಸುಪರ್ದಿನಲ್ಲಿ ಇರತಕ್ಕದ್ದು. ಇನ್ನು ಮೇಲೆ ಅವಳು ನಿಮ್ಮ ಒಲೆಯ ಊಟವನ್ನೇ ಉಣ್ಣಬೇಕು, ಸರಕಾರದ ಆಜ್ಞೆ!

ಕರಡು ಬರೆಯುವವರು ದೂಜ ವಕೀಲರು, ಮಂಗಳೂರಿನ ಕಡೆಯವರು, ಫೋರ್ಟಿನಲ್ಲಿ ಆಫೀಸು. ಉಡುಪಿ ಹೊಟೇಲಿನಲ್ಲಿ ಬನ್ಸ್ ತಿನ್ನುತ್ತ ನಾನು ಹೇಳಿದ್ದನ್ನೆಲ್ಲ ಬರೆದುಕೊಂಡರು. ಕಡೆಗೆ ಪೆನ್ನು ಮುಚ್ಚಿ, "ಒಲೆ ಒಂದೇ ಅಂತ ಬರೆಯುವುದು ಸುಲಭ ಮಾರಾಯ್ರೆ. ಹೆಂಗಸರನ್ನು ಒಮ್ಮೆ ಕೇಳಿದ್ದೀರಾ?" ಎಂದರು. ನಾನು, "ನಮ್ಮ ವೈನೀನ್ನ ಕೇಳೋದೇನೈತ್ರಿ? ನಾ ಕಣ್ಣಾರೆ ಕಂಡೀನಿ" ಎಂದೆ. ಮನೆಗೆ ಬಂದು ಶಿವಕುಮಾರಿಗೆ ಓದಿ ಹೇಳಿದರೆ ಅವಳು ಸೆರಗು ಬಾಯಿಗಿಟ್ಟು ನಕ್ಕಳು. ಯಾಕೆ ಎಂದರೆ ಹೇಳಲಿಲ್ಲ.

ನೀವು ಅಲ್ಲಿ ಮಹಾರಾಣಿಯ ಹಾಗೆ ಇದ್ದೀರಿ ಎಂದು ಓದಿ ಸಮಾಧಾನವಾಯಿತು. ಇನ್ನು ಸ್ವಲ್ಪ ದಿನ ಹಾಯಾಗಿರಿ.

ಶಿವಪುತ್ರ


ವಿಜಯಪುರ
೨೬ ಮಾರ್ಚ್ ೨೦೨೫

ಶಿವಪುತ್ರ,

ನಿನ್ನ ಕಾಗದ ಬಂದು ತಿಂಗಳಾಯಿತು. ಬರೆಯಬಾರದು ಎಂದುಕೊಂಡಿದ್ದೆ. ಹುಡುಗ ಹುರುಪಿನಲ್ಲಿದ್ದಾನೆ, ತಣ್ಣೀರು ಯಾಕೆ ಎರಚಲಿ ಎಂದು. ಈಗ ಬರೆಯದಿದ್ದರೆ ನೀನು ಅದನ್ನೇ ಕಾನೂನು ಮಾಡಿಬಿಡುತ್ತೀ. ಆದ್ದರಿಂದ ಕುಳಿತು ಓದು.

ನೀನು ಕಣ್ಣಾರೆ ಏನು ಕಂಡಿದ್ದೀಯಪ್ಪ? ನಮ್ಮ ಖೋಲಿ, ಸಚಿನನ ಖೋಲಿ, ನಡುವಿನ ಗೋಡೆಯಲ್ಲಿ ನಾವು ಒಡೆಸಿಕೊಂಡ ಬಾಗಿಲು. ನೀನು ಬಂದಾಗಲೆಲ್ಲ ಆ ಬಾಗಿಲು ತೆರೆದಿರುತ್ತಿತ್ತು. ಎರಡೂ ಕಡೆಯಿಂದ ತಟ್ಟೆಗೆ ಬೀಳುತ್ತಿತ್ತು, ನೀನು ಉಂಡು ಕೈ ತೊಳೆದು ಹೋಗುತ್ತಿದ್ದೆ. ರೊಟ್ಟಿ ಯಾವ ಒಲೆಯದು, ಕೋಕಂ ಹುಳಿಯ ಸೋಲಕಢಿ ಯಾವ ಒಲೆಯದು ಎಂದು ಒಂದು ದಿನ ಕೇಳಿದ್ದೀಯಾ? ಒಲೆ ಎರಡು ಇದ್ದವು. ಸ್ನೇಹಲ್ ಗಂಡನ ಮನೆಗೆ ನಡೆಯಲು ಬಂದ ಮೊದಲ ವಾರದಿಂದಲೂ ಎರಡು.

ಬಾಗಿಲಿನ ಸಂಗತಿಯೂ ಕೇಳು. ಅದಕ್ಕೆ ಎರಡು ಚಿಲಕ ಇದ್ದವು. ನನ್ನ ಕಡೆಗೊಂದು, ಅವಳ ಕಡೆಗೊಂದು. ಇಬ್ಬರೂ ತೆಗೆದರೆ ಮಾತ್ರ ಬಾಗಿಲು. ಅವಳು ಬಾಂಗಡೆ ಹುರಿಯುವ ದಿನ ನಾನು ನನ್ನ ಚಿಲಕ ಹಾಕಿಕೊಳ್ಳುತ್ತಿದ್ದೆ. ನನಗೆ ಲಿಂಗಪೂಜೆ ಇರುತ್ತದೆ, ಅವಳಿಗೆ ಮೀನಿಲ್ಲದೆ ಭಾನುವಾರ ಇಲ್ಲ. ಅವಳು ಬ್ಯಾಂಕಿನಿಂದ ಸೋತು ಬಂದು ಯಾರ ಮುಖವೂ ಬೇಡವೆಂದ ದಿನ ತನ್ನ ಚಿಲಕ ಹಾಕುತ್ತಿದ್ದಳು. ನಾನು ಕೇಳುತ್ತಿರಲಿಲ್ಲ. ಮುಂಜಾನೆ ಎದ್ದು ಎರಡೂ ತೆಗೆಯುತ್ತಿದ್ದೆವು. ಅತ್ತಲಿಂದ ಡಬ್ಬಿ ಇತ್ತ ಬಂದರೆ ತಿರುಗಿ ಖಾಲಿ ಹೋಗುತ್ತಿರಲಿಲ್ಲ. ನನ್ನ ಕೈಯ ಶೇಂಗಾ ಹಿಂಡಿ ಚಟ್ನಿಗೆ ಅವಳು ಜೀವ ಬಿಡುತ್ತಿದ್ದಳು. ಅಷ್ಟು ವರ್ಷ ನಾವು ಒಂದು ಮಾತು ಗಟ್ಟಿಯಾಗಿ ಆಡಲಿಲ್ಲ. ನೀನು ಅದನ್ನು ಒಂದು ಒಲೆಯ ಪುಣ್ಯ ಎಂದು ಮೈಕಿನಲ್ಲಿ ಕೂಗುತ್ತಿದ್ದೀ. ಶಿವಕುಮಾರಿಗೆ ಎಲ್ಲ ಗೊತ್ತು, ಅದಕ್ಕೇ ನಕ್ಕಿದ್ದಾಳೆ.

ಒಂದು ಒಲೆ ಎಂದರೆ ಏನು ಎಂದು ನೋಡಬೇಕಾದರೆ ಇಲ್ಲಿಗೆ ಬಾ. ಹನುಮವ್ವನಿಗೂ ಅವಳ ಸೊಸೆಗೂ ಆ ಒಂದು ಒಲೆಯ ಮುಂದೆ ದಿನ ಬೆಳಗಾದರೆ ಕುರುಕ್ಷೇತ್ರ. ನಾನು ಮೂರನೆಯವಳು. ಸಂಗಪ್ಪ ದೇವರಂಥವನು, ಅವನ ಹೆಸರು ತೆಗೆಯುವುದಿಲ್ಲ. ಆದರೆ ಮೂರು ವರ್ಷದಿಂದ ನನ್ನ ಕೈಯಿಂದ ಒಂದು ರೊಟ್ಟಿ ಬಡಿದಿಲ್ಲ. ಮಹಾರಾಣಿ ಎಂದು ಬರೆದರೆ ಹಾಯಾಗಿರಿ ಎಂದು ಬರೆದೆಯಲ್ಲ, ಶಹಾಣ್ಯಾ!

ನಿನ್ನದು ಹಳೆಯ ಪದ್ಧತಿ ಉಳಿಸುವ ಪಕ್ಷ. ಉಳಿಸಪ್ಪ, ಬೇಡವೆನ್ನುವವಳು ನಾನಲ್ಲ. ನಾನೂ ಹಳೆಯ ಪದ್ಧತಿಯವಳೇ. ಉಳಿಸುವ ಮುಂಚೆ ಅದು ಹೇಗಿತ್ತು ಎಂದಾದರೂ ನೋಡಿಕೋ. ನಿನ್ನ ಮಸೂದೆ ಹೀಗೇ ಪಾಸಾದರೆ ನಾನು ಮುಂಬಯಿಗೆ ಬರುವುದಿಲ್ಲ. ಆ ಹುಡುಗಿಯ ಮೇಲೆ ಸರಕಾರಿ ಅತ್ತೆಯಾಗಿ ಕೂಡ್ರುವುದಕ್ಕಿಂತ ಇಲ್ಲೇ ಜಪಮಾಲೆ ಎಣಿಸುತ್ತೇನೆ. ಅವರು ಹದಿನೇಳನೆಯ ಮಾಳಿಗೆಯಲ್ಲಿದ್ದರೂ ಇರಲಿ ಎಂದು ಬರೆಯಬೇಕೆಂದಿದ್ದೆ. ಆದರೆ ಅದೂ ಸುಳ್ಳು. ರಾಧಿಕಾ ಗೋಡೆಯ ಆಚೆ ಕೆಮ್ಮಿದರೆ ನನಗೆ ಕೇಳಬೇಕು.

ನನಗೆ ಸುಪರ್ದು ಬೇಡ. ನನ್ನ ಒಲೆ ಬೇಕು, ನನ್ನ ಚಿಲಕ ಬೇಕು, ಆ ಬಾಗಿಲು ಬೇಕು.

ಬಸಲಿಂಗವ್ವ


ಕುರ್ಲಾ
೧೪ ಏಪ್ರಿಲ್ ೨೦೨೫

ವೈನಿ,

ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ. ಸಾವಿರ ಜನರ ಮುಂದೆ ಹೇಳಿದ ಮಾತು ನನ್ನ ಮನೆಯಲ್ಲೇ ಸುಳ್ಳಾಯಿತಲ್ಲ ಎಂದು ಊಟ ಬಿಟ್ಟೆ. ಶಿವಕುಮಾರಿ ತಟ್ಟೆ ಎತ್ತಿಟ್ಟು, "ಸಿಟ್ಟ ಇಳದ ಮ್ಯಾಲ ತಾವ ಹಾಕ್ಕೊಂಡ ಉಣ್ರಿ, ಒಲಿ ನನ್ನ ಸುಪರ್ದಿನ್ಯಾಗ ಐತಿ" ಎಂದಳು. ಅಲ್ಲಿಗೆ ಸಿಟ್ಟು ಮುಗಿಯಿತು.

ಮರುದಿನ ಟ್ರಾನ್ಸಿಟ್ ಕ್ಯಾಂಪಿಗೆ ಹೋದೆ. ಸ್ನೇಹಲ್ ಆಗಷ್ಟೇ ಲೋಕಲ್ ಇಳಿದು ಬಂದಿದ್ದಳು. ನಾನು ನೇರವಾಗಿ ಕೇಳಿದೆ. ಅವಳು ಮೊದಲು ನನ್ನ ಹಿಂದೆ ಯಾರಾದರೂ ಕ್ಯಾಮರಾ ಹಿಡಿದಿದ್ದಾರೆಯೇ ಎಂದು ನೋಡಿದಳು. ಆಮೇಲೆ ತನ್ನ ಅರೆಬರೆ ಕನ್ನಡದಲ್ಲಿ, ನಿಮ್ಮನ್ನೇ ಆಯಿ ಎನ್ನುತ್ತ, "ಕಾಕಾ, ಖರಂ ಹೇಳ್ತೇನಿ. ನನಗ ಆಯಿ ಬಾಜೂಕ ಬೇಕು. ಪಣ ಏಕ್ ಕಿಚನ್ ನಕೋ, ಬ್ಯಾಡ. ಏಕ್ ಕಿಚನ್ ಆದ್ರ ನಾನು ಆಯಿನ್ನ ಹೆದರ್ತೇನಿ, ಆಯಿ ನನ್ನ ಹೆದರ್ತಾರ" ಎಂದಳು. ರಾಧಿಕಾ ಪಾಟಿ ಮೇಲೆ ಏನೋ ಗೀಚುತ್ತಿದ್ದವಳು ತಲೆ ಎತ್ತಿ, "ಅಜ್ಜಿವಾಲಾ ದರವಾಜಾ ನಯಾ ಬಿಲ್ಡಿಂಗ್‌ಮೇಂ ಆಯೇಗಾ ಕ್ಯಾ?" ಎಂದು ಕೇಳಿತು. ಹೊಸ ಬಿಲ್ಡಿಂಗಿನಲ್ಲೂ ಅಜ್ಜಿಯ ಬಾಗಿಲು ಬರುತ್ತದೆ ಎಂದು ಆಣೆ ಮಾಡಿ ಬಂದೆ. ಇನ್ನು ಆಣೆ ಉಳಿಸಿಕೊಳ್ಳಬೇಕು.

ದೂಜ ವಕೀಲರ ಹತ್ತಿರ ಹೋಗಿ ಹಳೆಯ ಕರಡು ಹರಿದು ಹಾಕಿಸಿದೆ. ಅವರು ಹರಿಯುವಾಗ ಮುಖದಲ್ಲಿ ಬಹಳ ಸಂತೋಷ ಕಂಡಿತು. ಹೊಸದು ಹೀಗಿದೆ: ಒಂದೇ ಕುಟುಂಬದ ಖೋಲಿಗಳಿಗೆ ಪಕ್ಕಪಕ್ಕದ ಮನೆ. ಹೆಸರು ಬೇರೆ, ಮುಂಬಾಗಿಲು ಬೇರೆ, ಅಡುಗೆಮನೆ ಬೇರೆ. ಎರಡೂ ಮನೆಯವರು ಒಪ್ಪಿ ಬರೆದುಕೊಟ್ಟರೆ ನಡುವಿನ ಗೋಡೆಯಲ್ಲಿ ಒಂದು ಬಾಗಿಲು, ಅದಕ್ಕೆ ಎರಡೂ ಕಡೆ ಚಿಲಕ. "ಚಿಲಕ ಕಾನೂನಿನಲ್ಲಿ ಬರೆಯುವ ವಿಷಯವಾ ಮಾರಾಯ್ರೆ?" ಎಂದರು ದೂಜರು. ಬರೆಯಲೇಬೇಕು ಎಂದೆ.

ಈಗ ಒಂದು ಇಕ್ಕಟ್ಟು. ಮಂತ್ರಿಯಲ್ಲದ ನಮ್ಮಂಥವರ ಮಸೂದೆಗೆ ಸದನದಲ್ಲಿ ಶುಕ್ರವಾರ ಮಾತ್ರ ವೇಳೆ, ಅದೂ ಚೀಟಿ ಎತ್ತಿ. ಮಳೆಗಾಲದ ಅಧಿವೇಶನದಲ್ಲಿ ನನಗೆ ಒಂದೇ ಮಸೂದೆ ಮಂಡಿಸಲು ಸಿಗಬಹುದು. ಪಕ್ಷದ ಹಿರಿಯರು ಮದುವೆಯ ಸಹಿಯದನ್ನೇ ಹಿಡಿ ಎನ್ನುತ್ತಾರೆ. ಟೀವಿಯವರು ಅದಕ್ಕೇ ಬರುತ್ತಾರಂತೆ. ಚಿಲಕಕ್ಕೆ ಯಾರು ಬರುತ್ತಾರೆ? ಅವರ ಮಾತು ಮೀರಿದರೆ ಮುಂದಿನ ಸಲ ಟಿಕೆಟ್ಟಿಗೆ ಕಲ್ಲು. ನಾನೇನು ಮಾಡಲಿ?

ಶಿವಪುತ್ರ


ವಿಜಯಪುರ
೨೫ ಏಪ್ರಿಲ್ ೨೦೨೫

ಶಿವಪುತ್ರ,

ನನ್ನನ್ನು ಕೇಳಿದರೆ ನಾನು ನನ್ನ ಮನೆಯ ಮಾತನ್ನೇ ಆಡುತ್ತೇನೆ. ಹೀಗಾಗಿ ಕೇಳಬೇಡ.

ಒಂದು ಮಾತು ಮಾತ್ರ. ಸಹಿಯದು ಒಳ್ಳೆಯ ಮಸೂದೆ, ಬಿಡಬೇಡ, ಇನ್ನೊಂದು ವರ್ಷ ಕಾದರೂ ಅದು ಹಳಸುವುದಿಲ್ಲ. ಟವರಿನ ಕೀಲಿಕೈ ಕಾಯುವುದಿಲ್ಲ.

ಇಲ್ಲಿ ಹನುಮವ್ವನ ಸೊಸೆ ತವರಿಗೆ ಹೋಗಿ ಕುಳಿತಿದ್ದಾಳೆ. ಒಲೆಯ ಮುಂದೆ ಈಗ ಶಾಂತಿ ಇದೆ. ಇಂಥ ಶಾಂತಿ ನನಗೆ ಬೇಡ.

ಬಸಲಿಂಗವ್ವ


ವಿಜಯಪುರ
೮ ಜುಲೈ ೨೦೨೫

ಶಿವಪುತ್ರ,

ಏಪ್ರಿಲ್ ನಂತರ ನಿನ್ನ ಒಂದು ಕಾಗದವಿಲ್ಲ. ಇಂದು ಪೇಪರಿನಲ್ಲಿ ನಿನ್ನ ಹೆಸರು ಬಂತು. ಸಂಗಪ್ಪ ಗಟ್ಟಿಯಾಗಿ ಓದಿದ: 'ಮುಂಬಯಿ ಕನ್ನಡಿಗ ಶಾಸಕನಿಂದ ಮಸೂದೆ ವಾಪಸ್'. ಒಳಗೆ ನಾಲ್ಕೇ ಸಾಲು. ಚರ್ಚೆಯ ನಂತರ ಪಕ್ಕಪಕ್ಕದ ಮನೆಯ ಮಸೂದೆಯನ್ನು ಹಿಂದಕ್ಕೆ ಪಡೆದರು ಎಂದು.

ಮನೆಯವರೆಲ್ಲ ನನ್ನ ಮುಖ ನೋಡಿದರು. ನಾನು ಪೇಪರು ಮಡಚಿ ದಿಂಬಿನ ಕೆಳಗಿಟ್ಟೆ. ನನಗೆ ಬಹಳ ದುಃಖವಾಯಿತು ಶಿವಪುತ್ರ. ಸೋತಿದ್ದರೆ ಆಗುತ್ತಿರಲಿಲ್ಲ. ಸೋತವನಿಗೆ ನಾನೇ ಆರತಿ ಎತ್ತುತ್ತಿದ್ದೆ. ಎಲ್ಲರೂ ಸೇರಿ ಕೆಡವಿದರು ಎಂದರೆ ಕುಸ್ತಿ ಆಡಿದೆ ಎಂದಾದರೂ ಆಗುತ್ತಿತ್ತು. ನೀನಾಗಿಯೇ ಹಿಂದಕ್ಕೆ ತೆಗೆದುಕೊಂಡೆ ಎಂದರೆ ಟಿಕೆಟ್ಟಿಗೆ ಹೆದರಿದೆ. ಗಟ್ಟಿ ಕಾಳು ಎಂದುಕೊಂಡಿದ್ದೆ, ಜೊಳ್ಳಾದೆ.

ಆ ಮಗುವಿಗೆ ಆಣೆ ಮಾಡಿದ್ದೆಯಲ್ಲ, ಏನು ಹೇಳುತ್ತೀ?

ನಿನ್ನ ಫೋನು ಬರುತ್ತಿದೆ, ಎತ್ತುವುದಿಲ್ಲ. ಸಂಗಪ್ಪನಿಗೂ ಎತ್ತಬೇಡ ಎಂದಿದ್ದೇನೆ. ಮನಸ್ಸಿಗೆ ಬಂದರೆ ಬರೆ. ನಾನು ಹಿತ್ತಲಲ್ಲಿ ಮೂರು ಕಲ್ಲಿಟ್ಟು ನನ್ನ ಒಲೆ ಹೂಡಿಕೊಳ್ಳುತ್ತೇನೆ ಎಂದು ಹನುಮವ್ವನಿಗೆ ಹೇಳಿಬಿಟ್ಟಿದ್ದೇನೆ.

ಬಸಲಿಂಗವ್ವ


ವಿಧಾನ ಭವನ, ಮುಂಬಯಿ
೧೨ ಜುಲೈ ೨೦೨೫

ವೈನಿ! ವೈನಿ! ಕಲ್ಲು ತೆಗೆದು ಹಾಕಿ, ಒಲೆ ಹೂಡಬೇಡಿ!

ಗೆದ್ದಿದ್ದೇವೆ.

ಮೂರು ತಿಂಗಳು ಬರೆಯದಿದ್ದದ್ದು ಗೆದ್ದ ಮೇಲೆಯೇ ಬರೆಯಬೇಕು ಎಂದು. ಬೇರೆ ಪಕ್ಷದವರ ಮನೆಗೂ ಹೋಗಿ ಕೂತು ಚಹಾ ಕುಡಿದು ಒಬ್ಬೊಬ್ಬರನ್ನೇ ಒಪ್ಪಿಸುತ್ತಿದ್ದೆ. ಆ ಹಾಳು ಪೇಪರಿನವನು ನಾಲ್ಕು ಸಾಲಿನಲ್ಲಿ ನನ್ನ ಮಾನ ತೆಗೆದ. ನೀವು ಫೋನು ಎತ್ತಲಿಲ್ಲ. ಸಂಗಪ್ಪ ಮಾವನೂ ಎತ್ತಲಿಲ್ಲ. ಇಡೀ ವಿಜಯಪುರ ನನ್ನ ಮೇಲೆ ಚಿಲಕ ಹಾಕಿಕೊಂಡಿತು.

ಕೇಳಿ. ನಮ್ಮಂಥ ಒಂಟಿ ಸದಸ್ಯನ ಮಸೂದೆ ಸದನದಲ್ಲಿ ಪಾಸಾಗುವುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಗೆಲುವು ಎಂದರೆ ಮಂತ್ರಿ ಎದ್ದು ನಿಂತು 'ಇದನ್ನು ಸರಕಾರವೇ ಮಾಡುತ್ತದೆ' ಎಂದು ಸದನದಲ್ಲಿ ಮಾತು ಕೊಡುವುದು. ಹಾಗೆ ಮಾತು ಕೊಟ್ಟ ಮೇಲೆ ನಾವು ಮಸೂದೆಯನ್ನು ಹಿಂದಕ್ಕೆ ಪಡೆಯುವುದು ಇಲ್ಲಿಯ ರಿವಾಜು. ಹೆಣ್ಣು ಕೇಳಲು ಹೋದವರು, ಬೀಗರು ಹೂಂ ಅಂದ ಮೇಲೆ ಚಹಾ ಕುಡಿದು ಎದ್ದು ಬರುತ್ತಾರಲ್ಲ, ಹಾಗೆ. ಎದ್ದು ಬಂದರು ಎಂದು ಪೇಪರಿನವನು ಬರೆದ. ಹೂಂ ಅಂದದ್ದನ್ನು ಬರೆಯಲಿಲ್ಲ.

ಶುಕ್ರವಾರ, ನಾಲ್ಕನೆಯ ತಾರೀಖು. ಪಕ್ಷದ ಹಿರಿಯರಿಗೆ ಕೈ ಮುಗಿದು, ಸಹಿಯ ಮಸೂದೆ ಮುಂದಿನ ವರ್ಷ ನಾನೇ ತರುತ್ತೇನೆ, ಇದೊಂದನ್ನು ಬಿಡಿ ಎಂದೆ. ಅವರು ಮುಖ ತಿರುಗಿಸಿದರು. ಮಧ್ಯಾಹ್ನ ನನ್ನ ಹೆಸರು ಕರೆದರು. ಸದನದಲ್ಲಿ ಅರ್ಧ ಜನ ಊರಿಗೆ ಹೋಗುವ ಗಡಿಬಿಡಿಯಲ್ಲಿದ್ದರು. ನಾನು ಚಾಳಿನ ಕಥೆ ಶುರು ಮಾಡಿದೆ. ಲಾಟರಿ, ಸಚಿನ ಪೆಂಡಾಲಿನಲ್ಲಿ ಕುಳಿತದ್ದು, ಎ ವಿಂಗ್, ಸಿ ವಿಂಗ್. ಎದ್ದಿದ್ದವರು ಕುಳಿತರು. ಎರಡು ಒಲೆಗೆ ಬಂದಾಗ ಒಂದಿಬ್ಬರು ನಕ್ಕರು. ಎರಡು ಚಿಲಕಕ್ಕೆ ಬಂದಾಗ ಯಾರೂ ನಗಲಿಲ್ಲ. ಅವರವರ ಮನೆಯ ಬಾಗಿಲು ಅವರವರಿಗೆ ನೆನಪಾಗಿರಬೇಕು.

ಆಗ ವಿರೋಧ ಪಕ್ಷದ ಸಾಲಿನಿಂದ ಸೊಲ್ಲಾಪುರ ಕಡೆಯ ಒಬ್ಬ ಹಿರಿಯ ಹೆಣ್ಣುಮಗಳು ಎದ್ದರು. ನನ್ನನ್ನು ಕಂಡರೆ ಉರಿದು ಬೀಳುವವರು. ಅವರ ಮರಾಠಿಯನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ: "ಅಧ್ಯಕ್ಷರ, ಈ ಮನಶ್ಯಾನ ಉಳಿದ ಎರಡ ಮಸೂದಿಗೆ ನನ್ನ ವಿರೋಧ ಐತಿ, ನಾಳೆನೂ ಇರತೈತಿ. ಆದ್ರ ಇದಕ್ಕ ನಾ ಕೈ ಎತ್ತತೀನಿ. ಯಾಕಂದ್ರ ಇದನ್ನ ಗಂಡಸು ಬರದಂಗ ಕಾಣಂಗಿಲ್ಲ!"

ಸದನ ಬಿದ್ದು ಬಿದ್ದು ನಕ್ಕಿತು. ನಾನೂ ಎದ್ದೆ. "ಖರೇ ಐತಿ ತಾಯಿ. ಇದನ್ನ ನಮ್ಮ ವೈನಿ, ಬಸಲಿಂಗವ್ವ ಅವರು ಬರಸ್ಯಾರ. ಮೊದಲ ನಾ ಬರದದ್ದು ತಪ್ಪಿತ್ತು" ಎಂದೆ. ಎರಡೂ ಕಡೆಯವರು ಬೆಂಚು ಕುಟ್ಟಿದರು ವೈನಿ! ನಿಮ್ಮ ಹೆಸರು ಸದನದ ಕಡತ ಸೇರಿತು. ಮಂತ್ರಿಗಳು ಎದ್ದು, ದೀಪಾವಳಿಯ ಒಳಗೆ ಸರಕಾರದ ಆದೇಶ ಹೊರಡಿಸುತ್ತೇವೆ, ಕೀಲಿಕೈ ಕೊಡದ ಎಲ್ಲ ಟವರುಗಳಿಗೂ ಅನ್ವಯಿಸುತ್ತೇವೆ ಎಂದರು. ಆಮೇಲೆಯೇ ನಾನು ಹಿಂದಕ್ಕೆ ಪಡೆದದ್ದು. ಮುಖ ತಿರುಗಿಸಿದ್ದ ನಮ್ಮ ಹಿರಿಯರು ಲಾಬಿಯಲ್ಲಿ ಬಂದು ಬೆನ್ನು ಚಪ್ಪರಿಸಿ, "ಮೊದಲ್ಯಾಕ ಹೇಳಲಿಲ್ಲೋ, ನಮ್ಮ ಮನ್ಯಾಗೂ ಹಿಂಗ ಐತಿ" ಎಂದರು.

ಈಗಲಾದರೂ ಫೋನು ಎತ್ತಿ.

ನಿಮ್ಮ ಜೊಳ್ಳಲ್ಲದ
ಶಿವಪುತ್ರ


ವಿಜಯಪುರ
೨೨ ಜುಲೈ ೨೦೨೫

ಚಿರಂಜೀವಿ ಶಿವಪುತ್ರನಿಗೆ ಹೊಟ್ಟೆತುಂಬ ಆಶೀರ್ವಾದ,

ಬೈದದ್ದನ್ನು ಹಿಂದಕ್ಕೆ ಪಡೆಯುತ್ತೇನೆ. ಅದೂ ನಿಮ್ಮ ಸದನದ ರಿವಾಜಿನಂತೆ ಗೆಲುವು ಎಂದೇ ತಿಳಿದುಕೋ.

ನಿನ್ನ ಕಾಗದವನ್ನು ಸಂಗಪ್ಪನ ಕೈಯಿಂದ ಅಂಗಳದಲ್ಲಿ ಎಲ್ಲರ ಮುಂದೆ ಓದಿಸಿದೆ. ನನ್ನ ಹೆಸರು ಬಂದಲ್ಲಿ ಇನ್ನೊಮ್ಮೆ ಓದು ಎಂದೆ. ಓಣಿಗೆಲ್ಲ ಪೇಢೆ ಹಂಚಿದೆವು. ಹನುಮವ್ವ ಅದನ್ನೆಲ್ಲ ಕೇಳಿದವಳು ಸಂಜೆಗೆ ಸೊಸೆಯ ತವರಿಗೆ ಹೋಗಿ ಅವಳನ್ನು ಕರೆತಂದಳು. ಹಿತ್ತಲ ಪಡಸಾಲೆಯಲ್ಲಿ ಆ ಹುಡುಗಿಗೆ ಬೇರೆ ಗ್ಯಾಸ್ ಇಟ್ಟುಕೊಡುತ್ತಾರಂತೆ. ನಿನ್ನ ಕಾನೂನು ಮಹಾರಾಷ್ಟ್ರದಲ್ಲಿ ಬರುವ ಮುಂಚೆ ಇಲ್ಲಿ ಬಂತು.

ಮುಂದಿನ ವಾರ ಪಂಚಮಿ. ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಿದ್ದಾರೆ. ನಾನೊಬ್ಬಳೇ ತವರು ಬಿಡುವ ದಿನ ಎಣಿಸುತ್ತಿದ್ದೇನೆ. ಉಂಡಿಯ ಡಬ್ಬಿ ಕಳಿಸಿದ್ದೇನೆ. ಈ ಸಲ ಹನುಮವ್ವ ನನ್ನ ಕೈಗೇ ಹಿಟ್ಟು ಕೊಟ್ಟಳು.

ಬಸಲಿಂಗವ್ವ


ಕುರ್ಲಾ
೧೬ ಅಕ್ಟೋಬರ್ ೨೦೨೫

ವೈನಿ,

ಆದೇಶ ಬಂತು! ದೂಜರು ಅದನ್ನು ಓದುತ್ತ ಚಿಲಕದ ಸಾಲು ಬಂದಾಗ ಟೇಬಲ್ ಕುಟ್ಟಿದರು. ಅವರ ಮುಂದಿದ್ದ ಚಹಾ ಪಂಚೆಯ ಮೇಲೆ ಬಿತ್ತು, ಅದರ ಖಬರೂ ಇರಲಿಲ್ಲ.

ನಮ್ಮ ಟವರಿನಲ್ಲಿ ಲಾಟರಿ ಮತ್ತೆ ಎತ್ತಿದರು. ಈ ಸಲ ಕುಟುಂಬ ಕುಟುಂಬವಾಗಿ. ನೀವು, ಸಚಿನ, ಬಿ ವಿಂಗ್, ಒಂಬತ್ತನೆಯ ಮಾಳಿಗೆ, ಪಕ್ಕಪಕ್ಕ. ಬಿಲ್ಡರಿನ ಇಂಜಿನಿಯರ್ ಗೋಡೆ ಒಡೆಯಲು ಗೊಣಗಿದ. ಅದು ಭಾರ ಹೊರುವ ಗೋಡೆಯಲ್ಲ ಎಂದು ಅವನ ನಕಾಶೆಯೇ ಹೇಳುತ್ತಿತ್ತು. ನಮ್ಮದೊಂದೇ ಅಲ್ಲ, ಹಳೆಯ ಚಾಳಿನ ಬಹಳ ಮನೆಗಳು ಹೀಗೆ ಜೋಡಿಯಾದವು. ಎದುರಿನ ಖೋಲಿಯ ಶೇಖ್ ಚಾಚಿ ತನ್ನ ಇಬ್ಬರು ಸೊಸೆಯಂದಿರ ನಡುವೆ ಮನೆ ಸಿಕ್ಕಿತೆಂದು ನನ್ನ ಕೈಗೆ ಖರ್ಜೂರ ಕೊಟ್ಟು, "ಬೇಟಾ, ಕುಂಡೀ ದೋನೋ ತರಫ್ ಹೈ ನಾ?" ಎಂದು ಎರಡೂ ಕಡೆಯ ಚಿಲಕ ಖಾತ್ರಿ ಮಾಡಿಕೊಂಡಳು. ಪ್ರಚಾರದಲ್ಲಿ ಆ ಮನೆಯ ಒಂದು ಮತವೂ ನನಗೆ ಬಿದ್ದಿರಲಿಕ್ಕಿಲ್ಲ. ಬರುವ ಸಲ ನೋಡೋಣ.

ನವೆಂಬರ್ ಕೊನೆಗೆ ಕೀಲಿಕೈ. ಸಚಿನ ನಿಮ್ಮನ್ನು ಕರೆತರಲು ಬರುತ್ತಾನೆ. ನನಗೆ ಡಿಸೆಂಬರಿನಲ್ಲಿ ನಾಗಪುರದ ಅಧಿವೇಶನ. ಹಾಲು ಉಕ್ಕಿಸುವ ದಿನ ನಾನು ಇರುತ್ತೇನೋ ಇಲ್ಲವೋ, ಅದೊಂದೇ ಸಂಕಟ.

ಶಿವಪುತ್ರ


ಬಿ ವಿಂಗ್, ಒಂಬತ್ತನೆಯ ಮಾಳಿಗೆ, ಕುರ್ಲಾ
೯ ಡಿಸೆಂಬರ್ ೨೦೨೫

ಚಿರಂಜೀವಿ ಶಿವಪುತ್ರನಿಗೆ, ನಾಗಪುರದ ಆಮದಾರ ನಿವಾಸಕ್ಕೆ,

ಈಗ ನಾನು ಮುಂಬಯಿಯಲ್ಲಿ, ನೀನು ಪರವೂರಿನಲ್ಲಿ. ಕಾಗದ ಬರೆಯುವುದು ಬಿಡಬಾರದು ಎಂದು ಬರೆಯುತ್ತಿದ್ದೇನೆ. ಅಲ್ಲಿ ಥಂಡಿ ಬಹಳವಂತೆ. ಶಿವಕುಮಾರಿ ಕಟ್ಟಿಕೊಟ್ಟ ಸ್ವೆಟರ್ ಪೆಟ್ಟಿಗೆಯಿಂದ ಹೊರಗೆ ತೆಗೆ.

ನೀನು ಗಾಡಿ ಹತ್ತಿದ ಮರುದಿನ, ಶುಕ್ರವಾರ ಮುಂಜಾನೆ ಹಾಲು ಉಕ್ಕಿಸಿದೆವು. ನನ್ನ ಒಲೆಯ ಮೇಲೆ ನಾನು, ಅವಳ ಒಲೆಯ ಮೇಲೆ ಸ್ನೇಹಲ್. ನಡುವಿನ ಬಾಗಿಲಿನಲ್ಲಿ ರಾಧಿಕಾ ನಿಂತು, 'ಅಜ್ಜಿದು ಆಲಾ! ಮಮ್ಮೀದು ಆಲಾ!' ಎಂದು ಹಾಲು ಉಕ್ಕಿ ಬಂದದ್ದನ್ನು ಕೂಗಿ ಹೇಳಿತು. ಕನ್ನಡ ಯಾವುದು, ಮರಾಠಿ ಯಾವುದು ಆ ಹುಡುಗಿಗೆ ಗೊತ್ತಿಲ್ಲ. ಸಚಿನ ಎರಡೂ ಕಡೆ ಓಡಾಡಿ ಎರಡು ಲೋಟ ಹಾಲು ಕುಡಿದ. ಅಡುಗೆಮನೆಗೆ ಕಿಟಕಿ ಇದೆ. ನಿಂತರೆ ಲೋಕಲ್ ಹೋಗುವುದು ಕಾಣುತ್ತದೆ. ಮೂರು ವರ್ಷದ ಮೇಲೆ ಬಡಿದ ಮೊದಲ ರೊಟ್ಟಿ ನನ್ನ ಕೈಯಲ್ಲೇ ಹರಿಯಿತು. ಅಳು ಬಂತು, ನಗುವೂ ಬಂತು. ಎರಡನೆಯದು ಚಂದ್ರನ ಹಾಗೆ ದುಂಡಗೆ ಬಂತು.

ಭಾನುವಾರದ್ದು ಬರೆಯಬೇಕು. ಮುಂಜಾನೆ ಅವಳ ಕಡೆ ಬಾಂಗಡೆ ತೊಳೆಯುವ ಸಪ್ಪಳ ಕೇಳಿತು. ಪೂಜೆಗೆ ಕೂಡ್ರುವ ಮುಂಚೆ ಚಿಲಕ ಹಾಕೋಣ ಎಂದು ಎದ್ದು ಹೋದೆ. ಬಾಗಿಲು ಮುಟ್ಟುವಷ್ಟರಲ್ಲಿ ಅವಳ ಕಡೆಯ ಚಿಲಕ ಬಿದ್ದ ಸಪ್ಪಳವಾಯಿತು. ನನ್ನ ಪೂಜೆಯ ಹೊತ್ತು ಅವಳಿಗೆ ನೆನಪಿತ್ತು. ಮೂರು ವರ್ಷವಾದರೂ ನೆನಪಿತ್ತು ಶಿವಪುತ್ರ. ನಾನೂ ನನ್ನ ಕಡೆ ಹಾಕಿದೆ, ಅವಳಿಗೆ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ.

ಮಧ್ಯಾಹ್ನ ಪುಟ್ಟ ಕೈ ಬಾಗಿಲು ಬಡಿಯಿತು. "ಅಜ್ಜೀ, ಮೀನ ಮುಗೀತು. ದಾರ ಉಘಡ, ಭೂಕ ಲಾಗಲೀ!" ಎಂದಿತು. ಹಸಿವೆ, ಬಾಗಿಲು ತೆಗೆ ಎಂಬ ಕೂಗಿಗೆ ಇತ್ತ ನಾನು ತೆಗೆದೆ, ಅತ್ತ ಅವಳು ತೆಗೆದಳು. ಸ್ನೇಹಲ್ ಕೈಯಲ್ಲಿ ಸೋಲಕಢಿಯ ಡಬ್ಬಿ ಇತ್ತು. ನನ್ನ ಕೈಯಲ್ಲಿ ಶೇಂಗಾ ಹಿಂಡಿ ಇತ್ತು. ಇಬ್ಬರೂ ನಕ್ಕೆವು.

ಈ ಬಿಲ್ಡಿಂಗಿನ ಹೆಂಗಸರು ನಿನ್ನ ಆದೇಶದ ಹೆಸರನ್ನು ಯಾರೂ ಹೇಳುವುದಿಲ್ಲ. ಲಿಫ್ಟಿನಲ್ಲಿ 'ಬಸಲಿಂಗವ್ವನ ಕಾನೂನು' ಅನ್ನುತ್ತಾರೆ. ಹೊಟ್ಟೆಕಿಚ್ಚು ಪಡಬೇಡ. ನಿನ್ನ ಸಹಿಯ ಮಸೂದೆಯನ್ನೂ ಬೇಗ ಕಳಿಸಿಕೊಡು. ಸದನಕ್ಕೆ ಹೋಗುವ ಮುಂಚೆ ನಾನೂ ಸ್ನೇಹಲಳೂ ಕೂಡಿ ಓದುತ್ತೇವೆ.

ನಾಗಪುರದಿಂದ ಬಂದವನೇ ಇಲ್ಲಿಗೆ ಬಾ. ಬಾಗಿಲು ಎರಡು ಇವೆ, ಬೆಲ್ಲು ಎರಡು ಇವೆ. ಯಾವುದನ್ನಾದರೂ ಒತ್ತು. ಈ ಸಲ ಮಾತ್ರ ಯಾವ ಒಲೆಯದು ಏನು ಎಂದು ಕೇಳಿ ಉಣ್ಣಬೇಕು, ಎರಡೂ ಕಡೆ ಹೊಟ್ಟೆ ತುಂಬ ಉಣ್ಣಬೇಕು.

ನಿನ್ನ ವೈನಿ
ಬಸಲಿಂಗವ್ವ